ಕ್ಯಾಪ್ಟನ್ ಗಂಗಾಳ ಮೊದಲ ಬ್ಯಾಟು

ತಿಮ್ಮರಾಜು ಆ ಸುಳ್ಳನ್ನು ಹೇಳಿದ್ದು ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟರಲ್ಲಿ. ಹೇಳುವಾಗ ಅವನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಅವನ ಹೆಂಡತಿ ಕೋಮಲಾ ಮಾತ್ರ ಬಿಸಿ ಡಿಕಾಕ್ಷನ್ ಹೆಬ್ಬೆರಳ ಮೇಲೆ ಚೆಲ್ಲಿಕೊಂಡಳು.

ಮನೆಗೆ ಬಂದಿದ್ದವರು ಕರಿಬಸವಯ್ಯ, ನಿವೃತ್ತ ಮೇಷ್ಟ್ರು, ಈಗ ಸನ್ಮಾನ ಸಮಿತಿಯ ಕಾರ್ಯದರ್ಶಿ. ತುಮಕೂರಿನಲ್ಲಿ ಹೊಸದಾಗಿ ಕಟ್ಟಿದ ಸಭಾಂಗಣವೊಂದರಲ್ಲಿ ತಿಮ್ಮರಾಜುವಿನ ತಂಗಿ, ಕ್ರಿಕೆಟ್ ಆಟಗಾರ್ತಿ ಗಂಗಾಳ ಹೆಸರಿನ ಗ್ಯಾಲರಿ ಮಾಡುವುದಿತ್ತು. ಅವಳ ಟೋಪಿ, ಕೋಟು, ಕಪ್ಪುಗಳೆಲ್ಲ ಆಗಲೇ ಬಂದು ಸೇರಿದ್ದವು.

"ಒಂದೇ ಒಂದು ಕೊರತೆ ನೋಡಿ ತಿಮ್ಮರಾಜು ಅವರೇ," ಎಂದರು ಮೇಷ್ಟ್ರು. "ಮೇಡಂ ಮೊದಲು ಆಡಿದ ಬ್ಯಾಟು ಸಿಕ್ಕಿಬಿಟ್ಟರೆ ಗ್ಯಾಲರಿಗೇ ಕಳೆ ಬರ್ತದೆ. ಏನಾದ್ರೂ ಉಳಿದಿದೆಯಾ?"

"ಉಳಿದಿದೆಯಾ ಅಂತ ಕೇಳ್ತೀರಲ್ಲ ಸಾರ್! ನಾನೇ ಕೊಡ್ಸಿದ್ದು ಅದು. ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದೀನಿ. ಮಗು ನೋಡ್ಕೊಂಡಂಗೆ ನೋಡ್ಕೊಂಡಿದೀನಿ."

"ಅಣ್ಣ ಅಂದ್ರೆ ನಿಮ್ಮಂಗಿರಬೇಕು," ಎಂದು ಮೇಷ್ಟ್ರು ಕೈ ಮುಗಿದರು.

ಮೇಷ್ಟ್ರು ಗೇಟು ದಾಟುವ ತನಕ ಕೋಮಲಾ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ದಾಟಿದ್ದೇ ತಡ, ಹಾಲಿಗೆ ಬಂದಳು.

"ಎಲ್ಲಿದೇರೀ ಬ್ಯಾಟು?"

"ಮೆಲ್ಲಗೆ ಮಾತಾಡು."

"ಯಾಕೆ ಮೆಲ್ಲಗೆ? ಅಟ್ಟದ ಮೇಲೆ ಹರಿದ ಚಾಪೆ, ತೂತು ಬಿದ್ದ ಕೊಡ ಬಿಟ್ಟು ಏನೈತೆ? ಬ್ಯಾಟು ಎಲ್ಲಿ ಹೋಯ್ತು ಅಂತ ನಿಮಗೊತ್ತಿಲ್ವಾ?"

ಮಂಚದ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ ಅತ್ತೆ ಚಿಕ್ಕಮಾರಮ್ಮ ನಡುವೆ ಬಾಯಿ ಹಾಕಿದರು. "ಬುಡವ್ವ, ಹಳೇದ್ಯಾಕೆ ಕೆದಕ್ತೀಯ. ಏನೋ ಒಂದು ಮರದ ತುಂಡು ಕೊಟ್ಟು ಕಳಿಸ್ತಾನೆ. ಅವರೇನು ಮೂಸಿ ನೋಡ್ತಾರಾ?"

ಹಳೆಯದೆಂದರೆ ಇಪ್ಪತ್ತೆರಡು ವರ್ಷ. ಆಗ ಸಂಸಾರ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿತ್ತು. ಕೋಮಲಾ ಸೊಸೆಯಾಗಿ ಬಂದು ಎರಡು ತಿಂಗಳು, ನಾದಿನಿ ಗಂಗಾಳಿಗೆ ಹದಿನೆಂಟು. ಕುಣಿಗಲ್‌ನಿಂದ ಕೋಮಲಾಳ ಸೋದರಮಾವನ ಮಗ ಗಂಗಾಳನ್ನು ನೋಡಲು ಬಂದು, ಬಜ್ಜಿ ತಿಂದು ಹೋಗಿ, ಹುಡುಗರ ಜೊತೆ ಪ್ಯಾಂಟು ಹಾಕಿಕೊಂಡು ಚೆಂಡು ಹೊಡೆಯುವ ಹೆಣ್ಣು ನಮಗೆ ಬೇಡವೆಂದು ಹೇಳಿ ಕಳಿಸಿದ.  ತಿಮ್ಮರಾಜು ಬಾಗಿಲ ಹಿಂದಿದ್ದ ತಂಗಿಯ ಬ್ಯಾಟು ತೆಗೆದುಕೊಂಡು ಹೋಗಿ, ಕೊಡಲಿಯಲ್ಲಿ ನಾಲ್ಕು ಸೀಳು ಮಾಡಿ ಬಚ್ಚಲ ಒಲೆಗೆ ತುರುಕಿದ. ಗಂಗಾ ಅಂಗಳದಲ್ಲಿ ನಿಂತು ನೋಡಿದಳು, ಅಳಲಿಲ್ಲ. ಕೋಮಲಾ ಹೊಸ್ತಿಲ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. "ನೀರು ಚೆನ್ನಾಗಿ ಕಾದೈತೆ, ನೀನೇ ಮೊದ್ಲು ಹೋಗವ್ವ" ಎಂದಿದ್ದರು ಅತ್ತೆ. ಹೊಸ ಸೊಸೆ ಹೋಗಿ ತಲೆಗೆ ನೀರು ಹಾಕಿಕೊಂಡಿದ್ದಳು.

ಮೂರನೇ ದಿನ ಗಂಗಾ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದವಳು ಐದು ವರ್ಷ ಮನೆ ಕಡೆ ಮುಖ ಹಾಕಲಿಲ್ಲ. ಅವರಿವರ ಬ್ಯಾಟು ಕೇಳಿ ಪಡೆದು ಆಡಿದಳು. ಇಪ್ಪತ್ತೊಂದಕ್ಕೆ ಭಾರತ ತಂಡ ಸೇರಿದಳು, ಇಪ್ಪತ್ತಾರಕ್ಕೆ ನಾಯಕಿಯಾದಳು. ಇಂಗ್ಲೆಂಡಿಗೆ ಹೋಗಿ ಅವರ ನೆಲದಲ್ಲೇ ಅವರನ್ನು ಸೋಲಿಸಿ ಬಂದಳು. ಮುರಿದ ಬೆರಳಿಗೆ ಟೇಪು ಸುತ್ತಿಕೊಂಡು ಇಡೀ ದಿನ ಆಡಿ ಪಂದ್ಯ ಉಳಿಸಿದ್ದನ್ನು ಟಿ.ವಿ.ಯವರು ಇಂದಿಗೂ ತೋರಿಸುತ್ತಾರೆ. ಆಟ ಬಿಟ್ಟ ಮೇಲೆ ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸ. ಮದುವೆಯಾಗಲಿಲ್ಲ. ಮನೆಯವರ ಬಗ್ಗೆ ಯಾರು ಕೇಳಿದರೂ ಅವಳದು ಒಂದೇ ಮಾತು: "ನಮ್ಮಣ್ಣ ನನ್ನ ಬೆನ್ನಿಗೆ ನಿಂತಿದ್ದ."

ತಿಮ್ಮರಾಜುವಿಗೆ ಅಷ್ಟು ಸಾಕಾಗಿತ್ತು. ತುಮಕೂರಿನಲ್ಲಿ ಮನೆ ಕಟ್ಟಿದಾಗ ಗೇಟಿಗೆ 'ಕ್ಯಾಪ್ಟನ್ ನಿಲಯ' ಎಂದು ಬರೆಸಿದ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಅವನು ಸೂಪರ್‌ವೈಸರ್. ಫ್ಯಾಕ್ಟರಿ ಬಸ್ಸಿನಲ್ಲಿ ಮುಂದಿನ ಸೀಟು 'ಕ್ಯಾಪ್ಟನ್ ಅಣ್ಣ'ನಿಗೇ ಮೀಸಲು. ಯಾವ ಶಾಲೆಯಲ್ಲಿ ಕ್ರೀಡಾಕೂಟವಾದರೂ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಹೋಗಿ, ಹೆಣ್ಣುಮಕ್ಕಳಿಗೆ ಪ್ರೋತ್ಸಾಹ ಕೊಡಿ ಎಂದು ಭಾಷಣ ಬಿಗಿದು, ಹಾರ ಹಾಕಿಸಿಕೊಂಡು ಬರುತ್ತಿದ್ದ. ಆ ಬಿಳಿ ಷರಟು ಒಗೆಯುತ್ತಿದ್ದವಳು ಕೋಮಲಾ. ಒಗೆಯುವ ಕಲ್ಲಿನ ಮೇಲೆ ಅದನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಬಡಿಯುತ್ತಿದ್ದಳು.

ಅವರ ಮಗಳು ಮೋನಿಕಾಳಿಗೆ ಹದಿನೈದು. ಅವಳಿಗೂ ಅದೇ ಹುಚ್ಚು. ಎಸ್ಸೆಸ್ಸೆಲ್ಸಿ ಹೊತ್ತಿನಲ್ಲಿ ಇದೆಲ್ಲ ಏನು ಎಂದು ಅಪ್ಪ ದಿನಾ ಗೊಣಗಿದರೂ ಬೆಳಿಗ್ಗೆ ಐದೂವರೆಗೆ ಎದ್ದು ಮೈದಾನಕ್ಕೆ ಓಡುತ್ತಿದ್ದಳು. ಕೋಮಲಾ ಒಂದು ವರ್ಷ ರವಿಕೆ ಹೊಲಿದು ಕೂಡಿಹಾಕಿ ಅವಳಿಗೊಂದು ಒಳ್ಳೆಯ ಬ್ಯಾಟು ಕೊಡಿಸಿದ್ದಳು. ಮೂರು ವಾರ ಬಿಟ್ಟು ಭಾನುವಾರ ಕುಣಿಗಲ್‌ನಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಅದರಲ್ಲಿ ಗೆದ್ದವರಿಗೆ ಮಾತ್ರ ರಾಜ್ಯದ ಕ್ಯಾಂಪು. ಮುಂದಿನ ವರ್ಷಕ್ಕೆ ಮೋನಿಕಾಳ ವಯಸ್ಸು ಮೀರುತ್ತಿತ್ತು.

ಎರಡು ವಾರ ಕಳೆದವು. ಬ್ಯಾಟಿನ ಸುದ್ದಿ ಮನೆಯಲ್ಲಿ ಯಾರೂ ಎತ್ತಲಿಲ್ಲ. ಗಂಡ ಯಾರ ಹತ್ತಿರವೋ ಹಳೆಯದೊಂದು ಸಂಪಾದಿಸಿ ಕೊಟ್ಟಿರಬೇಕೆಂದು ಕೋಮಲಾ ಸುಮ್ಮನಾದಳು. ಮಂಗಳವಾರ ಬೆಳಿಗ್ಗೆ ಮೋನಿಕಾ ಮಂಚದ ಅಡಿಯಿಂದ ಕಿರುಚಿದಳು.

"ಅಮ್ಮಾ, ನನ್ನ ಬ್ಯಾಟ್ ಎಲ್ಲಿ?"

ಮನೆಯೆಲ್ಲ ಜಾಲಾಡಿದರು. ಬೀರುವಿನ ಹಿಂದೆ, ಮಹಡಿಯ ನೀರಿನ ಟ್ಯಾಂಕಿನ ಹತ್ತಿರ, ಎಲ್ಲಿಯೂ ಇಲ್ಲ. ತಿಮ್ಮರಾಜು ಅಷ್ಟು ಹೊತ್ತಿಗೆ ಬಸ್ಸು ಹತ್ತಿ ಹೋಗಿದ್ದ. ಮೈದಾನದಲ್ಲಿ ಕಳ್ಳರು ಹೊಡೆದಿರಬೇಕೆಂದು ಮೋನಿಕಾ ಅತ್ತಳು. ಕೋಮಲಾ ಅವಳನ್ನು ಸ್ಕೂಲಿಗೆ ಅಟ್ಟಿ, ಕಿವಿಯೋಲೆಯನ್ನಾದರೂ ಅಡವಿಟ್ಟು ಇನ್ನೊಂದು ತರೋಣವೆಂದು ನೇರ ಖುರ್ಷಿದ್ ಪಾಷಾ ಅವರ ಅಂಗಡಿಗೆ ಹೋದಳು. ಆಟದ ಸಾಮಾನಿನ ಅಂಗಡಿ. ಮೋನಿಕಾಳ ಬ್ಯಾಟು ಕೊಟ್ಟವರೂ ಅವರೇ.

"ಬ್ಯಾಟು ಕೊಡ್ತೀನಮ್ಮ, ಅದಕ್ಕೇನು," ಎಂದರು ಪಾಷಾ. "ಆದ್ರೆ ಈ ಭಾನುವಾರ ಆಡೋಕೆ ಆಗಲ್ಲ. ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಕುಡಿಸಿ, ಮರದ ಸುತ್ತಿಗೇಲಿ ಮೂರು ವಾರ ತಟ್ಟಬೇಕು. ಹಂಗೇ ಇಳಿಸಿದ್ರೆ ಸೀಳಿಹೋಗುತ್ತೆ. ಪಾಪುಗೆ ಕೊಟ್ಟಿದ್ದನ್ನ ನಾನೇ ತಟ್ಟಿ ಕೊಟ್ಟಿರಲಿಲ್ವಾ?"

"ಅದು ಕಳ್ದೋಯ್ತು ಸಾಬರೇ."

"ಅಯ್ಯೋ! ಯಜಮಾನ್ರು ಮೊನ್ನೆ ಬಂದಾಗ ಹೇಳಲೇ ಇಲ್ಲ."

"ಅವ್ರು ಯಾಕೆ ಬಂದಿದ್ರು?"

"ಬ್ಯಾಟಿನ ಸ್ಟಿಕ್ಕರ್ ಕೀಳೋದು ಹೆಂಗೆ, ಇಪ್ಪತ್ತು ವರ್ಷ ಹಳೇದಂಗೆ ಕಾಣಬೇಕು ಅಂದ್ರೆ ಏನು ಬಳೀಬೇಕು ಅಂತ ಕೇಳಿದ್ರು. ನಿಮ್ಮ ಗುಬ್ಬಿ ಕಡೆ ಯಾವುದೋ ನಾಟಕಕ್ಕೆ ಇರಬೇಕು ಅಂದ್ಕೊಂಡು, ಟೀ ಡಿಕಾಕ್ಷನ್ ಬಳೀರಿ ಅಂದೆ." ಪಾಷಾ ಅವಳ ಮುಖ ನೋಡಿ ಗಾಬರಿಯಾದರು. "ಯಾಕಮ್ಮಾ, ನೀರು ತರಿಸ್ಲಾ?"

ನೀರು ಕುಡಿದರೆ ಆರುವ ಉರಿ ಅಲ್ಲ ಅದು. ಅವಳು ಆಟೋ ಹತ್ತಿದಳು. ಹೋಗಲಿ, ಯಾವನದೋ ಬ್ಯಾಟು ಕದ್ದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಒಬ್ಬಳದನ್ನು ಸುಟ್ಟು, ಆ ಸುಟ್ಟಿದ್ದನ್ನು ಮುಚ್ಚುವುದಕ್ಕೆ ಇನ್ನೊಬ್ಬಳದನ್ನು ಕಿತ್ತುಕೊಂಡಿದ್ದನಲ್ಲ ಈ ಮಹಾನುಭಾವ!

ರಾತ್ರಿ ಊಟಕ್ಕೆ ಕೂತಾಗ ಅವಳು ಮುದ್ದೆಯನ್ನು ತಟ್ಟೆಗೆ ಇಡಲಿಲ್ಲ, ಹಾಕಿದಳು. ಸಾರು ತಿಮ್ಮರಾಜುವಿನ ಲುಂಗಿಗೆ ಸಿಡಿಯಿತು.

"ಏನೇ ಇದು?"

"ಮಗಳ ಬ್ಯಾಟಿಗೆ ಡಿಕಾಕ್ಷನ್ ಬಳ್ದಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಮೋನಿಕಾ ತುತ್ತು ಕೈಯಲ್ಲೇ ಹಿಡಿದು ಅಪ್ಪನನ್ನು ನೋಡಿದಳು. "ಅಪ್ಪಾ, ನೀನಾ ತಗೊಂಡಿದ್ದು?"

"ನಿಮ್ಮತ್ತೆ ಗೌರವಕ್ಕೆ ಅಲ್ವೇನಮ್ಮ? ಬ್ಯಾಟು ಆಗಲೇ ಗಾಜಿನ ಪೆಟ್ಟಿಗೇಲಿ ಐತೆ. ಸಾವಿರಾರು ಜನ ಬಂದು ನೋಡ್ತಾರೆ."

"ಭಾನುವಾರ ನಾನು ಯಾವುದ್ರಲ್ಲಿ ಆಡ್ಲಿ?"

"ಯಾರ ಹತ್ರನಾದ್ರೂ ಇಸ್ಕೊಂಡು ಆಡು. ನಿಮ್ಮತ್ತೆ ಆಡ್ಲಿಲ್ವಾ? ಇನ್ನೊಬ್ಬರ ಬ್ಯಾಟಲ್ಲಿ ಆಡೇ ಅವಳು ಕ್ಯಾಪ್ಟನ್ ಆಗಿದ್ದು."

ಕೋಮಲಾ ಸೌಟು ನೆಲಕ್ಕೆ ಕುಕ್ಕಿದಳು. "ಆ ಮಾತು ಆಡೋಕೆ ನಿಮ್ಮ ಬಾಯಿ ಹೆಂಗೆ ಬಂತ್ರೀ? ಇಸ್ಕೊಂಡು ಆಡೋ ಗತಿ ಅವಳಿಗೆ ತಂದೋರು ಯಾರು?"

"ಬಾಯಿ ಮುಚ್ಕೊಂಡು ಬಡಿಸೇ. ಶನಿವಾರ ಫಂಕ್ಷನ್ನು. ಊರೆಲ್ಲ ಬರ್ತದೆ. ಅಷ್ಟ್ರೊಳಗೆ ಈ ವಿಷ್ಯ ಹೊರಗೆ ಹೋಯ್ತೋ, ಇವಳ ಆಟಾನೂ ಇಲ್ಲ, ಕುಣಿಗಲ್ಲೂ ಇಲ್ಲ."

"ಹೂಂ ಕಣವ್ವ, ಮನೆ ಮಾತು ಮನೇಲೇ ಇರ್ಲಿ," ಎಂದರು ಚಿಕ್ಕಮಾರಮ್ಮ.

ಮೋನಿಕಾ ಕೈ ತೊಳೆದುಕೊಂಡು ಎದ್ದುಹೋದಳು. ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಕೋಮಲಾ ಗಂಡನಿಗೆ ತಟ್ಟೆ ಹಾಕುವುದನ್ನು ನಿಲ್ಲಿಸಿದಳು. ಒಲೆಯ ಮೇಲೆ ಮಾಡಿಟ್ಟಿರುತ್ತಿದ್ದಳು, ಬೇಕಾದರೆ ಬಡಿಸಿಕೊಳ್ಳಲಿ. ಮೂರು ದಿನ ಅವನು ತಣ್ಣಗಿನ ಮುದ್ದೆ ಮುರಿದುಕೊಂಡು ತಿಂದ, ಪ್ರತಿ ತುತ್ತಿಗೂ ಒಂದೊಂದು ಬೈಗುಳ ಸೇರಿಸಿಕೊಂಡು.

ಬುಧವಾರ ಅವಳು ಹುಬ್ಬಳ್ಳಿಗೆ ಫೋನು ಮಾಡಿ ಗಂಗಾಳಿಗೆ ಒಂದೂ ಬಿಡದೆ ಹೇಳಿದಳು.  "ಶನಿವಾರ ಬರ್ತೀನಲ್ಲ ಅತ್ಗೆ, ಆಗ ನೋಡನ," ಎಂದು ಗಂಗಾ ಫೋನಿಟ್ಟಳು. ಸದ್ಯ, ಬಂದು ಅಣ್ಣನಿಗೆ ಬೆವರಿಳಿಸುತ್ತಾಳೆ ಎಂದು ಕೋಮಲಾ ದಿನ ಎಣಿಸಿದಳು.

ಶನಿವಾರ ಗಂಗಾ ಬಂದಳು. ಹುಟ್ಟಿದಾಗಿನಿಂದ ಒಂದು ಲೋಟ ನೀರು ಬಗ್ಗಿಸಿಕೊಳ್ಳದ ತಿಮ್ಮರಾಜು ಅವತ್ತು ತಾನೇ ನಿಂತು ತಂಗಿಯ ತಟ್ಟೆಗೆ ತುಪ್ಪ ಬಡಿಸಿದ. "ಇನ್ನೊಂಚೂರು ಹಾಕ್ಕೋ ಗಂಗಾ, ಸೊರಗೋಗಿದೀಯ." ಗಂಗಾ ನಕ್ಕಳು, ಬಸ್ಸಾರು ಚೆನ್ನಾಗಿದೆ ಎಂದಳು, ಅವ್ವನ ಮಂಡಿನೋವು ವಿಚಾರಿಸಿದಳು. ಬ್ಯಾಟಿನ ಮಾತೇ ಎತ್ತಲಿಲ್ಲ. ಕೋಮಲಾ ಬಾಗಿಲಿಗೆ ಒರಗಿ ನಿಂತು ಅಣ್ಣ ತಂಗಿಯನ್ನು ನೋಡುತ್ತಲೇ ಇದ್ದಳು. 

ಸಭೆಗೆ ಇನ್ನೂ ಒಂದು ಗಂಟೆ ಇರುವಾಗ ಕರಿಬಸವಯ್ಯ ಮನೆಯವರನ್ನೆಲ್ಲ ಗ್ಯಾಲರಿ ತೋರಿಸಲು ಕರೆದುಕೊಂಡು ಹೋದರು. ಗೋಡೆ ತುಂಬ ಗಂಗಾ: ಕಪ್ಪು ಎತ್ತಿ ಹಿಡಿದ ಗಂಗಾ, ಟಾಸಿಗೆ ನಾಣ್ಯ ಚಿಮ್ಮಿದ ಗಂಗಾ, ಮಣ್ಣಾದ ಪ್ಯಾಂಟಿನಲ್ಲಿ ನೆಲಕ್ಕೆ ಬಿದ್ದು ಚೆಂಡು ಹಿಡಿದ ಗಂಗಾ. ನಟ್ಟನಡುವೆ ಗಾಜಿನ ಪೆಟ್ಟಿಗೆ, ಕೆಂಪು ಮಖಮಲ್ಲಿನ ಮೇಲೆ ಕಂದು ಬಣ್ಣದ ಬ್ಯಾಟು. ಹಿಡಿಕೆಗೆ ಹಳೇ ಸೈಕಲ್ ಟ್ಯೂಬು ಸುತ್ತಿತ್ತು. ಚೀಟಿಯ ಮೇಲೆ ಚಂದದ ಅಕ್ಷರ: 'ಅಣ್ಣ ತಿಮ್ಮರಾಜು ಅವರು ಕೊಡಿಸಿದ ಮೊದಲ ಬ್ಯಾಟು.'

ಮೇಷ್ಟ್ರು ಬೀಗ ತೆಗೆದುಕೊಟ್ಟರು. ಗಂಗಾ ಬ್ಯಾಟು ಎತ್ತಿಕೊಂಡು ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಅವಳ ಕಾಲದ ಬ್ಯಾಟಿನ ಅಂಚು ಇದರ ಅರ್ಧ ದಪ್ಪವೂ ಇರುತ್ತಿರಲಿಲ್ಲ. ಡಿಕಾಕ್ಷನ್ ಬಳಿದವನಿಗೆ ಅಷ್ಟು ಗೊತ್ತಿರಲಿಲ್ಲ, ಪಾಪ. ಅವನು ಜೀವನದಲ್ಲಿ ಬ್ಯಾಟು ಹಿಡಿದಿದ್ದೇ ಎರಡು ಸಲ, ಎರಡು ಸಲವೂ ಹಾಳುಮಾಡುವುದಕ್ಕೆ. ಗಂಗಾ ಅಣ್ಣನ ಕಡೆ ನೋಡಿದಳು. ತಿಮ್ಮರಾಜು ಚಾವಣಿ ನೋಡುತ್ತಿದ್ದ.

"ಚೆನ್ನಾಗಿದೆ," ಎಂದು ಗಂಗಾ ಅದನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು. "ಇರ್ಲಿ ಬಿಡಿ ಮೇಷ್ಟ್ರೇ."

ಕೋಮಲಾ ಮುಂದೆ ನುಗ್ಗಿದಳು.

"ಏನು ಇರ್ಲಿ? ಏನು ಇರ್ಲಿ ಗಂಗಾ? ಅದು ನನ್ನ ಮಗಳ ಬ್ಯಾಟು. ನಾಳೆ ಬೆಳಿಗ್ಗೆ ಅವಳು ಕುಣಿಗಲ್‌ನಲ್ಲಿ ಆಡ್ಬೇಕು."

"ಏಯ್!" ಎಂದ ತಿಮ್ಮರಾಜು.

"ನೀವು ಸುಮ್ಮನಿರಿ!" ಆ ಗದರಿಕೆಗೆ ಮೇಷ್ಟ್ರು ಕೂಡ ಎರಡು ಹೆಜ್ಜೆ ಹಿಂದೆ ಸರಿದರು. "ಮೇಷ್ಟ್ರೇ, ಇವಳ ಬ್ಯಾಟು ಎಲ್ಲಿದೆ ಗೊತ್ತಾ? ಬಚ್ಚಲ ಒಲೇಲಿ ಸುಟ್ಟು ಬೂದಿ ಆಯ್ತು. ಈ ಅಣ್ಣನೇ ಕೈಯಾರೆ ಸುಟ್ಟಿದ್ದು. ಆ ಬಿಸಿನೀರಲ್ಲಿ ನಾವು ಮನೆ ಮಂದಿಯೆಲ್ಲ ಸ್ನಾನ ಮಾಡಿದ್ವಿ."

"ಮೋನಿಗೆ ಬೇರೇದು ಕೊಡಿಸ್ತೀನಿ ಅತ್ಗೆ," ಎಂದಳು ಗಂಗಾ, ದನಿ ತಗ್ಗಿಸಿ. "ಇವತ್ತೊಂದಿನ ಬಿಟ್ಬಿಡು."

"ನಾಳೆ ಆಡೋ ಬ್ಯಾಟು ಎಲ್ಲಿಂದ ಕೊಡಿಸ್ತೀಯ? ಬ್ಯಾಟಿನ ವಿಷ್ಯ ನಿನಗೆ ನಾನು ಹೇಳಬೇಕಾ? ಎಷ್ಟು ದಿನ ಹೊಗಳ್ತೀಯ ಇವರನ್ನ? ನೀನು ಹೊಗಳಿ ಹೊಗಳಿ ಇವರು ದೇವರಾಗಿ ಕೂತವ್ರೆ. ನಮ್ಮ ಮನೇಲಿ ದೇವರ ಮಾತಿಗೆ ಎದುರಿಲ್ಲ!"

ಗಂಗಾಳ ಮುಖ ಕೆಂಪಾಯಿತು. ಮೈದಾನದಲ್ಲಿ ಹನ್ನೊಂದು ಜನರನ್ನು ಆಡಿಸಿದ ದನಿ ಈಗ ಹೊರಬಂತು.

"ಯಾಕೆ ಹೊಗಳಿದೆ ಗೊತ್ತಾ ಅತ್ಗೆ? ನನಗೆ ಗಂಡನ ಮನೆ ಇಲ್ಲ. ತವರು ಅಂತ ಒಂದಾದ್ರೂ ಇರ್ಲಿ ಅಂತ. ಹಬ್ಬಕ್ಕೆ ಹೋಗಿ ಕೂರೋಕೆ ಒಂದು ಮನೆ ಇರ್ಲಿ ಅಂತ ಇಷ್ಟು ವರ್ಷ ಸುಳ್ಳು ಹೇಳ್ದೆ. ನೀನು ಇವತ್ತು ಕೂಗಾಡ್ತೀಯ. ಅವತ್ತು ಎಲ್ಲಿದ್ದೆ? ಹೊಸ್ತಿಲ ಮೇಲೆ ನಿಂತಿದ್ದೆ. ಬಾಯಿಗೆ ಸೆರಗು ತುರುಕ್ಕೊಂಡಿದ್ದೆ. ನನ್ನ ಬ್ಯಾಟು ಉರೀತಾ ಇದ್ರೂ ನಾನು ಒಲೆ ನೋಡ್ಲಿಲ್ಲ ಅತ್ಗೆ, ನಿನ್ನೇ ನೋಡ್ತಿದ್ದೆ. ಒಬ್ಬರಾದ್ರೂ ಬೇಡ ಅಂತಾರಾ ಅಂತ. ನಿನ್ನ ಮಗಳಿಗೆ ಬಂದ ಮೇಲೆ ಬಾಯಿ ಬಂತಾ ನಿನಗೆ?"

 ಚಿಕ್ಕಮಾರಮ್ಮ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಕೋಮಲಾಳಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಇಪ್ಪತ್ತೆರಡು ವರ್ಷದಿಂದ ಗಂಡನ ಮೇಲೆ ಕೂಡಿಟ್ಟುಕೊಂಡಿದ್ದ ಸಿಟ್ಟಿನಲ್ಲಿ ತನ್ನ ಪಾಲೆಷ್ಟು ಎಂದು ಅವಳು ಒಂದು ದಿನವೂ ನೋಡಿಕೊಂಡಿರಲಿಲ್ಲ.

"ಹೂಂ. ಹೆದರ್ಕೊಂಡಿದ್ದೆ," ಎಂದಳು. "ನನ್ನದೂ ತಪ್ಪೇ. ಅವತ್ತು ನಿನಗೋಸ್ಕರ ಬೇಡ ಅನ್ನದೇ ಇದ್ದದ್ದಕ್ಕೆ ಇವತ್ತು ಇವಳಿಗೋಸ್ಕರಾನೂ ಅನ್ನದೇ ಇರ್ಲಾ? ಬ್ಯಾಟು ಕೊಡು ಗಂಗಾ."

ಗಂಗಾ ಅವಳನ್ನೇ ನೋಡಿದಳು. ಆಮೇಲೆ ಪೆಟ್ಟಿಗೆಗೆ ಕೈಹಾಕಿ ಬ್ಯಾಟು ತೆಗೆದು, ಸೈಕಲ್ ಟ್ಯೂಬನ್ನು ಸರ್ರನೆ ಬಿಚ್ಚಿ ಅಣ್ಣನ ಕಾಲ ಬಳಿ ಎಸೆದು, ಬ್ಯಾಟನ್ನು ಕೋಮಲಾಳ ಕೈಗಿಟ್ಟಳು.

"ಗಂಗಾ, ಮಾನ ತೆಗೀಬೇಡ ಕಣಮ್ಮ," ಎಂದ ತಿಮ್ಮರಾಜು. "ಇನ್ನರ್ಧ ಗಂಟೇಲಿ ಗೆಸ್ಟ್‌ಗಳು ಬರ್ತಾರೆ. ಖಾಲಿ ಪೆಟ್ಟಿಗೆ ತೋರ್ಸೋದಾ?"

"ಖಾಲಿ ಯಾಕಣ್ಣ?" ಎಂದಳು ಗಂಗಾ. "ಮೇಷ್ಟ್ರೇ, ಒಂದು ಹೊಸ ಚೀಟಿ ಕೊಡಿ. ಪೆನ್ನು."

ನಿಂತ ಕಾಲಲ್ಲೇ ಬರೆದಳು. ಮಖಮಲ್ಲಿನ ಮೇಲೆ ಚೀಟಿ ಇಟ್ಟು, ಗಾಜು ಮುಚ್ಚಿ, ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಂಡಳು. ಕರಿಬಸವಯ್ಯ ಕನ್ನಡಕ ಏರಿಸಿಕೊಂಡು ಓದಿ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಹಾರ ಬಂತೋ ಇಲ್ಲವೋ ನೋಡಿ ಬರುತ್ತೇನೆಂದು ಹೊರಗೆ ಹೋದರು. ತಿಮ್ಮರಾಜು ಓದಿ, ಸತ್ತವನ ಹಾಗೆ ಅಲ್ಲೇ ಕುರ್ಚಿಯಲ್ಲಿ ಕುಸಿದ. ಅವನ ಬಿಳಿ ಷರಟು ಬೆವರಿಗೆ ಬೆನ್ನಿಗಂಟಿತ್ತು. ಯಾರಾದರೂ ಬಂದು ಸಮಾಧಾನ ಹೇಳಲೆಂದು ಕಾದ. ಯಾರೂ ಹೋಗಲಿಲ್ಲ.

ಬಾಗಿಲ ಬಳಿ ನಿಂತಿದ್ದ ಮೋನಿಕಾ ಮೆಲ್ಲಗೆ ಬಂದು ಗಾಜಿಗೆ ಮುಖವಿಟ್ಟು ಗಟ್ಟಿಯಾಗಿ ಓದಿದಳು.

"ನನ್ನ ಮೊದಲ ಬ್ಯಾಟು ಇಲ್ಲಿ ಇಲ್ಲ. ಎರಡು ಸಾವಿರದ ಮೂರರಲ್ಲಿ ನಿಟ್ಟೂರಿನ ನಮ್ಮ ಮನೆಯ ಬಚ್ಚಲ ಒಲೆಯಲ್ಲಿ ಅದನ್ನು ಸುಟ್ಟರು. ಸುಟ್ಟವನು ನನ್ನ ಅಣ್ಣ. ನೋಡುತ್ತ ನಿಂತವರು ನನ್ನ ಅವ್ವ, ನನ್ನ ಅತ್ತಿಗೆ. ಇಂತಿ, ಗಂಗಾ."

ಹೊರಗೆ ಮೈಕು ಪರೀಕ್ಷೆ ಮಾಡುತ್ತಿದ್ದರು. ಮೋನಿಕಾ ತಿರುಗಿ ಅಮ್ಮನನ್ನು ನೋಡಿದಳು.

"ನಿಜ್ವಾಗ್ಲೂ ನೋಡ್ತಾ ನಿಂತಿದ್ಯಾಮ್ಮ?"

"ನಿಂತಿದ್ದೆ."

"ಬೇಡ ಅನ್ಲಿಲ್ವಾ?"

"ಇಲ್ಲ ಕಣೇ."

ಮೋನಿಕಾ ಅಮ್ಮನ ಕೈಯಿಂದ ಬ್ಯಾಟು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಆದರೆ ಅಮ್ಮನ ಮುಖವನ್ನೂ ನೋಡಲಿಲ್ಲ. ಗಂಗಾಳ ಪಕ್ಕಕ್ಕೆ ಹೋಗಿ ನಿಂತಳು.

"ನಾಳೆ ಕುಣಿಗಲ್‌ಗೆ ನಾನು ಗಂಗತ್ತೆ ಜೊತೆ ಹೋಗ್ತೀನಿ. ನೀನು ಬರ್ಬೇಡ."

 ಕೋಮಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೋಗು," ಎಂದಳು. "ಆರು ಗಂಟೆಗೆ ಬಸ್ಸು. ಚಿತ್ರಾನ್ನ ಮಾಡಿ ಡಬ್ಬಿ ಕಟ್ಟಿಕೊಡ್ತೀನಿ, ಇಬ್ರಿಗೂ."